ಅಂಗಳದ ದೋಣಿ, ಅಕ್ಕನ ಸೆರಗು

ಅಕ್ಕ ಈಗ ಆರಾಮಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರಿಗೆ ಈ ಸಂಗತಿ ಹೇಳಲು ಹೊರಟರೂ ನಡುವೆ ತಡೆದು ಅದನ್ನೇ ಕೇಳುತ್ತಾರೆ. ಎಡಗೈಯನ್ನು ತಲೆಯ ಮೇಲಕ್ಕೆ ಪೂರ್ತಿ ಎತ್ತಲಾರಳು. ಕುತ್ತಿಗೆಯ ಮಗ್ಗುಲಲ್ಲಿ ಬಟ್ಟೆ ಕೊರೆದ ಗೆರೆಯೊಂದು ಇನ್ನೂ ಕಾಣುತ್ತದೆ. ಉಳಿದಂತೆ ಅವಳು ಮೊದಲಿನ ಹಾಗೆಯೇ ರೊಟ್ಟಿ ಬಡಿಯುತ್ತಾಳೆ, ಮೊದಲಿನ ಹಾಗೆಯೇ ಫೋನಿನಲ್ಲಿ ಬೈಯುತ್ತಾಳೆ.

ನನಗಂತೂ ಏನೂ ಆಗಿರಲಿಲ್ಲ. ನಾನು ಜಗುಲಿಯ ಮೆಟ್ಟಿಲ ಮೇಲೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಆದರೂ ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಜನರೇಟರ್ ಶುರುವಾದರೆ ಕೈಯಲ್ಲಿದ್ದುದನ್ನು ಮೇಜಿನ ಮೇಲಿಡುತ್ತೇನೆ. ಕ್ಯಾಬಿನಲ್ಲಿ ಕೂತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಆ ಬೆಳಗು ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಅದೇ ಕ್ರಮ, ಅದೇ ಬೆಳಕು. ಎಷ್ಟು ಸಲ ನೋಡಿದರೂ ಅದರಲ್ಲಿ ಒಂದು ಜಾಗ ಮಾತ್ರ ಖಾಲಿ. ಅಕ್ಕ ಆಮೇಲೆ ನನ್ನನ್ನು ಕೇಳಿದ್ದು ಆ ಖಾಲಿ ಜಾಗದ ಬಗ್ಗೆಯೇ.

ದೋಣಿ ಅಕ್ಕನ ಮನೆಗೆ ಹೇಗೆ ಬಂತು ಎಂಬುದನ್ನು ಹೇಳಬೇಕು. ಭಾವ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಮ್ಮ ಎರಡೂ ಮನೆತನ ಬಾಗಲಕೋಟೆ ಕಡೆಯವು. ಈ ತೆಲುಗು ಸೀಮೆಗೆ ನೌಕರಿಗೆಂದು ಬಂದು ನಾವು ಇಲ್ಲಿಯವರೇ ಆದವರು. ನಿವೃತ್ತಿಯಾದ ಮೇಲೆ ಭಾವ ಮತ್ತು ಅವರ ಜೊತೆಯ ಕೆಲವರು ಸೇರಿ ಊರ ಹೊರಗಿನ ಒಂದು ಕೆರೆಯಲ್ಲಿ ಶಾಲೆಯ ಮಕ್ಕಳಿಗೆ ಹಾಯಿದೋಣಿ ಕಲಿಸುವ ಸಣ್ಣ ಸಂಘ ಕಟ್ಟಿಕೊಂಡರು. ಹಾಯಿದೋಣಿ ಮಗುಚಿಕೊಳ್ಳುವುದು ಸಾಮಾನ್ಯ. ಆಗ ಮಕ್ಕಳನ್ನು ಎತ್ತಿ ತರಲು ಹಿಂದೆ ಮೋಟಾರಿನ ದೋಣಿಯೊಂದು ಕಾವಲಿರಬೇಕು. ಇದು ಆ ದೋಣಿ. ಎಲ್ಲೋ ಕೈಬದಲಾಗಿ ಬಂದ ಹಳೆಯ ಫೈಬರಿನದು, ಬಿಳಿಯ ಬಣ್ಣ ಹಳದಿಗೆ ತಿರುಗಿದ್ದು.

ಚಳಿಗಾಲದಲ್ಲಿ ಇಲ್ಲಿ ಗಾಳಿ ಬಿದ್ದುಹೋಗುತ್ತದೆ. ಹಾಯಿಗಳಿಗೆ ಕೆಲಸವಿಲ್ಲ. ದೀಪಾವಳಿ ಮುಗಿದ ಮೇಲೆ ಸಂಘದವರು ದೋಣಿಗಳನ್ನು ನೀರಿನಿಂದ ಮೇಲೆಳೆದು ಮುಚ್ಚಿಡುತ್ತಾರೆ. ಮೋಟಾರು ದೋಣಿಗೆ ಮಾತ್ರ ಕೆರೆಯ ದಂಡೆಯಲ್ಲಿ ಭದ್ರತೆಯಿಲ್ಲವೆಂದು ಅದು ಗಾಡಿಯ ಮೇಲೆ ಕೂತು ಮೆಹದಿಪಟ್ಟಣಂ ಹತ್ತಿರದ ಅಕ್ಕನ ಮನೆಯ ಅಂಗಳಕ್ಕೆ ಬರುತ್ತದೆ. ಹಳೆಯ ಕಾಲೊನಿ, ದೊಡ್ಡ ಗೇಟು, ಸುತ್ತ ಕಂಪೌಂಡು. ಯುಗಾದಿಯ ತನಕ ದೋಣಿ ನೀಲಿ ತಾಡಪತ್ರಿ ಹೊದ್ದು ಅಲ್ಲೇ ಇರುತ್ತದೆ. ಅಕ್ಕ ತಾಡಪತ್ರಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಒಣಗಿಸುತ್ತಾಳೆ.

"ವರ್ಷಕ್ಕೊಮ್ಮೆ ಬಾಣಂತನಕ್ಕ ಬರತೈತಿ ನೋಡು, ತೌರಮನಿಗಿ ಬಂದಂಗ," ಎಂದು ನನಗೆ ಹೇಳಿದ್ದಳು. "ನನ್ನ ಮಗಳರ ಇಷ್ಟು ದಿನ ಇರಂಗಿಲ್ಲ."

ಯುಗಾದಿ ಕಳೆದ ಮೇಲಿನ ಒಂದು ಭಾನುವಾರ ಎಂಜಿನ್ ಚಾಲೂ ಮಾಡುವುದು ಎಂದು ನಿಶ್ಚಯವಾಯಿತು. ನನ್ನನ್ನು ಊಟಕ್ಕೆ ಕರೆದಿದ್ದರು. ಹೋದಾಗ ತಾಡಪತ್ರಿ ಮಡಚಿ ಬದಿಗಿಟ್ಟಿತ್ತು. ಭಾವ ದೋಣಿಯೊಳಗೆ ಮೊಣಕಾಲೂರಿ ಬ್ಯಾಟರಿಗೆ ತಂತಿ ಜೋಡಿಸುತ್ತಿದ್ದರು. ಎದುರುಮನೆಯವರು ಕೈಯಲ್ಲಿ ತೆಂಗಿನಕಾಯಿ ಹಿಡಿದು ಆಗಲೇ ಬಂದು ನಿಂತಿದ್ದರು. ಅವರು ಭಾವನ ಜೊತೆ ಅದೇ ಕಾರ್ಖಾನೆಯಲ್ಲಿದ್ದವರು, ಸಂಘದಲ್ಲೂ ಇದ್ದಾರೆ. ನಲಗೊಂಡದ ಕಡೆಯ ತೆಲುಗಿನವರು. ಅಕ್ಕನನ್ನು ಅತ್ತಿಗೆಯೆಂಬ ಅರ್ಥದಲ್ಲಿ ವದಿನಗಾರು ಎನ್ನುತ್ತಾರೆ. ಅಕ್ಕ ಕನ್ನಡದಲ್ಲಿ ಮಾತಾಡುತ್ತಾಳೆ, ಅವರು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ, ಇಬ್ಬರಿಗೂ ಎಂದೂ ಅಡ್ಡಿಯಾಗಿಲ್ಲ.

ದೋಣಿಯ ಎಂಜಿನ್ ತನ್ನನ್ನು ತಣ್ಣಗಿಟ್ಟುಕೊಳ್ಳುವುದು ಕೆರೆಯ ನೀರನ್ನೇ ಹೀರಿಕೊಂಡು. ನೆಲದ ಮೇಲೆ ನೀರಿಲ್ಲದೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಅದಕ್ಕೆಂದು ಭಾವನ ಹತ್ತಿರ ಒಂದು ಉಪಕರಣವಿತ್ತು. ಹಾಡು ಕೇಳುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದೇ ಎರಡು ರಬ್ಬರ್ ಬಟ್ಟಲು. ಅವನ್ನು ದೋಣಿಯ ಹಿಂತುದಿಯಲ್ಲಿ ನೀರಿಗಿಳಿಯುವ ಎಂಜಿನ್ನಿನ ಕಾಲಿನ ಎರಡು ಕಡೆ, ನೀರು ಹೀರುವ ಸಂದುಗಳ ಮೇಲೆ ಕೂರಿಸಿ, ನಲ್ಲಿಯ ಪೈಪು ಜೋಡಿಸಿದರು. ಬಟ್ಟಲುಗಳ ಹಿಂದೆ, ತೆರೆದ ಗಾಳಿಯಲ್ಲಿ, ಮೂರು ಎಸಳಿನ ಪಂಖ ಇತ್ತು. ನೀರಿನಲ್ಲಿದ್ದಾಗ ಯಾರ ಕಣ್ಣಿಗೂ ಬೀಳದ ವಸ್ತು ಅದು. ಅಂಗಳದಲ್ಲಿ ಅದು ಮೊಣಕಾಲಿನ ಎತ್ತರಕ್ಕಿತ್ತು.

"ನಮಗ ಕುಡಿಯಾಕ ದಿನಾ ಬಿಟ್ಟು ದಿನಾ ನೀರು. ಇದಕ್ಕ ಭರಪೂರ ಕುಡಸ್ರಿ," ಎಂದಳು ಅಕ್ಕ.

"ಬೋರಿಂದು ಐತಿ, ಕುಡಿಯೋದಲ್ಲ," ಎಂದರು ಭಾವ.

"ಬೋರಿನ ನೀರಿಗಿ ಕರೆಂಟ್ ಬಿಲ್ಲು ಯಾರ ಅಪ್ಪ ಕಟ್ತಾನ?"

"ನಿಮ್ಮಪ್ಪ ಅಂತೂ ಕಟ್ಟಲಿಲ್ಲ."

ಎದುರುಮನೆಯವರು ನನ್ನ ಕಡೆ ನೋಡಿ ನಕ್ಕರು. ಅಷ್ಟು ಕನ್ನಡ ಅವರಿಗೆ ಬರುತ್ತದೆ.

ಭಾವ ಜಾಗ್ರತೆಯ ಮನುಷ್ಯ. ಇದನ್ನು ಒತ್ತಿ ಹೇಳಬೇಕು. ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಆಯುಷ್ಯ ಕಳೆದು ಹತ್ತು ಬೆರಳನ್ನೂ ಮನೆಗೆ ತಂದವರು. ಪೆಟ್ರೋಲ್ ಪೈಪಿನ ಉಬ್ಬನ್ನು ಅಂಗೈಯಲ್ಲಿ ಹಿಚುಕುತ್ತಲೇ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಚಾಲೂ ಆದ ಮ್ಯಾಲೆ ಹಿಂದಿನ ಕಡೆ ಯಾರೂ ಹೋಗಬ್ಯಾಡ್ರಿ. ನ್ಯೂಟ್ರಲ್‌ನ್ಯಾಗ ಇಟ್ಟಿರ್ತೀನಿ, ಪಂಖ ತಿರಗಂಗಿಲ್ಲ. ಆದ್ರೂ ಹೋಗಬ್ಯಾಡ್ರಿ."

ಆಮೇಲೆ ಪೂಜೆಯ ವಿಷಯ ಬಂತು.

ನಮ್ಮ ಮನೆಗಳಲ್ಲಿ ತಿಂಗಳುಗಟ್ಟಲೆ ನಿಂತ ಯಂತ್ರವನ್ನು ಪೂಜೆಯಿಲ್ಲದೆ ಚಾಲೂ ಮಾಡುವುದಿಲ್ಲ. ಸ್ಕೂಟರಾಗಲಿ, ಹಿಟ್ಟಿನ ಗಿರಣಿಯಾಗಲಿ, ಊರಿನ ಪಂಪ್‌ಸೆಟ್ಟಾಗಲಿ. ಕಾರಿನದಂತೂ ನಮಗೆಲ್ಲ ಬಾಯಿಪಾಠ. ಮುಂದೆ ಹಾರ, ಮೂತಿಗೆ ಅರಿಷಿಣ ಕುಂಕುಮ, ಗಾಲಿಗಳ ಕೆಳಗೆ ಲಿಂಬೆಹಣ್ಣು. ಆರತಿ ಎತ್ತಿ ಎಲ್ಲರೂ ಗಾಡಿಯ ಮುಂದಿನಿಂದ ಸರಿದು ಹಿಂದೆ ಬಂದು ನಿಲ್ಲುವುದು. ಕಾಯಿ ಒಡೆಯುವುದು. ಒಡೆದ ಸದ್ದಿಗೆ ಗಾಡಿ ಮುಂದಕ್ಕೆ ಹೋಗುವುದು, ಲಿಂಬೆಹಣ್ಣು ಅಪ್ಪಚ್ಚಿಯಾಗುವುದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಕಾಲಿಗೇ ಗೊತ್ತಿರುತ್ತದೆ.

ದೋಣಿಗೆ ಲಿಂಬೆಹಣ್ಣು ಎಲ್ಲಿಡುವುದು ಎಂಬ ಪ್ರಶ್ನೆ ಹುಟ್ಟಿತು. ಹಿಂದಿನ ವರ್ಷಗಳಲ್ಲಿ ಈ ಪೂಜೆ ಕೆರೆಯ ದಂಡೆಯಲ್ಲಿ ಆಗುತ್ತಿತ್ತು, ಗಾಡಿಯ ಗಾಲಿಯ ಕೆಳಗಿಟ್ಟು ದೋಣಿಯನ್ನು ನೀರಿಗೆ ತಳ್ಳುತ್ತಿದ್ದರು. ಈ ಸಲ ಮೊದಲು ಮನೆಯಲ್ಲೇ ಎಂಜಿನ್ ನೋಡಬೇಕೆಂದು ಭಾವ ಹಟ ಹಿಡಿದಿದ್ದರು. ಗಾಡಿಯ ಗಾಲಿಗಳಿಗೆ ಹಿಂದೆ ಮುಂದೆ ಇಟ್ಟಿಗೆ ಕೊಟ್ಟಿದ್ದರು, ಅಲುಗಾಡುವಂತಿರಲಿಲ್ಲ.

"ಗಾಲಿ ಕೆಳಗ ಇಟ್ಟು ಬಿಡ್ರಿ, ಕೆರಿಗಿ ಒಯ್ಯೋ ದಿನ ಒಡೀತೈತಿ," ಎಂದರು ಭಾವ.

"ಅಲ್ಲೀತನ ಕೊಳೀಬೇಕೇನು ಅದು? ಗಾಲಿ ಗಾಡಿದು. ದೋಣಿದಲ್ಲ," ಎಂದಳು ಅಕ್ಕ. "ದೋಣಿಗಿ ತಿರುಗೋದು ಯಾವುದೈತಿ? ಆ ಪಂಖ ಐತಿ. ಅಲ್ಲಿ ಇಡಬೇಕು."

ಭಾವ ತಲೆ ಕೆರೆದುಕೊಂಡರು. ಎದುರುಮನೆಯವರು, "ಅದಿ ಕರೆಕ್ಟೇ ಕದಾ," ಎಂದರು. ಅದು ಸರಿಯೆಂದು ನನಗೂ ಅನ್ನಿಸಿತ್ತು. ವಿಚಾರ ತರ್ಕಬದ್ಧವಾಗಿತ್ತು. ಯಾರೂ ಅವಿದ್ಯಾವಂತರಿರಲಿಲ್ಲ ಅಲ್ಲಿ.

ಒಪ್ಪಂದವಾಯಿತು. ಎಂಜಿನ್ ಮೊದಲು ನ್ಯೂಟ್ರಲಿನಲ್ಲಿ ಓಡಲಿ, ನೀರು ಸರಿಯಾಗಿ ಹೊರಬರುತ್ತದೋ ನೋಡೋಣ. ಆಮೇಲೆ ಅಕ್ಕ ಪಂಖದ ಕೆಳಗಿನ ಎಸಳಿಗೆ ತಾಗುವಂತೆ ಇಟ್ಟಿಗೆಯ ಮೇಲೆ ಲಿಂಬೆಹಣ್ಣಿಟ್ಟು ಈಚೆ ಬರಲಿ. ಎದುರುಮನೆಯವರು ಕಾಯಿ ಒಡೆಯಲಿ. ಭಾವ ಹಿಂದೆ ನೋಡಿಕೊಂಡು ಒಂದು ಕ್ಷಣ ಗೇರ್ ಹಾಕಿ ತೆಗೆಯಲಿ. "ಹಿಂದ ನೋಡೇ ಹಾಕ್ತೀನಿ," ಎಂದು ಭಾವ ಬಾಯಿಬಿಟ್ಟೇ ಹೇಳಿದರು. ಅದು ನನಗೆ ಚೆನ್ನಾಗಿ ನೆನಪಿದೆ.

ನಲ್ಲಿ ತಿರುಗಿಸಿದರು. ರಬ್ಬರ್ ಬಟ್ಟಲುಗಳ ಅಂಚಿನಿಂದ ನೀರು ಚಿಮ್ಮಿತು. ಭಾವ ಸ್ಟೀರಿಂಗ್ ಚಕ್ರದ ಮುಂದಿನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಕೆಮ್ಮಿತು. ಇನ್ನೊಂದು ಪ್ರಯತ್ನಕ್ಕೆ ಹಿಡಿದುಕೊಂಡು, ಚಳಿಗಾಲಕ್ಕೆಂದು ಒಳಗೆ ಹಾಕಿದ್ದ ಎಣ್ಣೆಯನ್ನೆಲ್ಲ ಬಿಳಿಯ ಹೊಗೆಯಾಗಿ ಅಂಗಳಕ್ಕೆ ಕಾರಿತು. ಮಗ್ಗುಲಿನ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಕಮಾನಾಗಿ ಬೀಳತೊಡಗಿತು. ಅದು ಬಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಭಾವ ಅದನ್ನು ಕೈಯಿಂದ ಮುಟ್ಟಿ ನೋಡಿ, ಮತ್ತೆ ಸೀಟಿಗೆ ಹೋಗಿ ಕೂತರು. ಮುಖದಲ್ಲಿ ಸಮಾಧಾನವಿತ್ತು.

ಅಕ್ಕ ಪೂಜೆಗೆ ನಿಂತಾಗ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಳ್ಳುತ್ತಾಳೆ. ಆ ದಿನವೂ ಹೊದ್ದಿದ್ದಳು. ದೋಣಿಯ ಮೂತಿಗೆ ಕುಂಕುಮ ಹಚ್ಚಿದಳು, ಅಲ್ಲೊಂದು ಹಾರ ಕಟ್ಟಿದಳು. ನನ್ನ ಕೈಯ ತಟ್ಟೆ ಇಸಿದುಕೊಂಡು ಆರತಿ ಎತ್ತಿ ತಿರುಗಿ ಕೊಟ್ಟಳು. ಹಿಂದಕ್ಕೆ ಹೋಗಿ ಇಟ್ಟಿಗೆಯ ಮೇಲೆ ಲಿಂಬೆಹಣ್ಣಿಟ್ಟಳು. ಎದ್ದು ಈಚೆ ಬಂದಳು. ಅಲ್ಲಿಗೆ ಎಲ್ಲ ಮಾತಾಡಿದಂತೆಯೇ ಆಗಿತ್ತು.

ಎದುರುಮನೆಯವರು ದೋಣಿಯ ಮೂತಿಯ ಬಳಿ ಕಲ್ಲಿನ ಮುಂದೆ ಕೂತರು. ಕಾಯಿಯ ಜುಟ್ಟು ಕಿತ್ತರು. ಎಂಜಿನ್ನಿನ ನಡುಕಕ್ಕೆ ನೆಲವೆಲ್ಲ ಸಣ್ಣಗೆ ಅದುರುತ್ತಿತ್ತು. ಇಟ್ಟಿಗೆ ಅದುರಿತು. ಲಿಂಬೆಹಣ್ಣು ನಿಧಾನವಾಗಿ ಅಂಚಿಗೆ ಬಂದು ಕೆಳಗೆ ಬಿತ್ತು. ನೀರು ನಿಂತ ಕಡೆ ಉರುಳಿ ನಿಂತಿತು.

ನಾನು ಅದನ್ನೇ ನೋಡುತ್ತಿದ್ದೆ. ಅಕ್ಕನೂ ನೋಡಿದಳು. "ಅಯ್ಯ, ಇದರ," ಎಂದು ಹಿಂದಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಲಿಂಬೆಹಣ್ಣನ್ನೆತ್ತಿ ಸೆರಗಿಗೆ ಒರೆಸಿ, ಇಟ್ಟಿಗೆಯ ಮೇಲಿಟ್ಟಳು. ಆಗ ಕಾಯಿ ಒಡೆದ ಸದ್ದಾಯಿತು.

ಸೆರಗಿನ ತುದಿ ಅವಳ ಕೈಯಿಂದ ಹೋಯಿತು. ಯಾರೋ ಕಸಿದುಕೊಂಡ ಹಾಗೆ ಹೋಯಿತು. ಅವಳು ಮುಂದಕ್ಕೆ ಬಾಗಿದಳು, ಬಾಗಿದ್ದಲ್ಲ, ಎಳೆಯಲ್ಪಟ್ಟಳು. ಎಡಗೈ ಎಂಜಿನ್ನಿನ ಕಾಲಿಗೆ ಬಡಿದು ಅಲ್ಲೇ ಒತ್ತಿ ಹಿಡಿಯಿತು. ಬಟ್ಟೆ ಕುತ್ತಿಗೆಯ ಸುತ್ತ ಬಿಗಿಯಿತು. ಅವಳ ಬಾಯಿಂದ ಸದ್ದು ಬರಲಿಲ್ಲ. ಸದ್ದು ಬಂದದ್ದು ನನ್ನ ತಟ್ಟೆಯದು, ಮೆಟ್ಟಿಲಿಗೆ ಬಿದ್ದಾಗ. ಆಮೇಲೆ ಉದ್ದಕ್ಕೆ ಹರಿದ ಸದ್ದು. ಅಕ್ಕ ಹಿಂದಕ್ಕೆ ನೀರಿನಲ್ಲಿ ಬಿದ್ದಳು. ಎಂಜಿನ್ ಗಂಟಲಲ್ಲಿ ಏನೋ ಸಿಕ್ಕಿದಂತೆ ಗುರುಗುಟ್ಟಿ ನಿಂತುಹೋಯಿತು. ಭಾವ ನಿಲ್ಲಿಸಿದರೋ, ಬಟ್ಟೆ ಸುತ್ತಿಕೊಂಡು ತಾನೇ ನಿಂತಿತೋ ತಿಳಿಯದು.

ಅವಳನ್ನು ಉಳಿಸಿದ್ದು ಸೀರೆ. ಅದು ಹಳೆಯ ಇಳಕಲ್ ಸೀರೆ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಎಳೆಯೊಂದಕ್ಕೆ ಸೆರಗಿನ ಎಳೆಯೊಂದು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ವರ್ಷಗಟ್ಟಲೆ ಉಟ್ಟು ಒಗೆದ ಸೀರೆಯಲ್ಲಿ ಮೊದಲು ಸೋಲುವುದು ಆ ಜೋಡಣೆ. ಅದು ಭುಜದ ಹತ್ತಿರ ಈ ಕೊನೆಯಿಂದ ಆ ಕೊನೆಯವರೆಗೆ ಬಿಟ್ಟುಕೊಂಡಿತು. ಸೆರಗಿಡೀ ಪಂಖದ ಮೇಲೆ ಕೆಂಪಗೆ ಸುತ್ತಿಕೊಂಡಿತ್ತು. ನಾನು ಮೆಟ್ಟಿಲಿಳಿದು ಬಂದಾಗ ಮೊದಲು ಅದು ಬಟ್ಟೆಯೆಂದು ಗೊತ್ತಾಗಲಿಲ್ಲ.

ಡಾಕ್ಟರರ ಹತ್ತಿರ ಹೋಗಿ ಬಂದದ್ದು, ಭುಜಕ್ಕೆ ಪಟ್ಟಿ ಕಟ್ಟಿದ್ದು, ಇಂಜೆಕ್ಷನ್, ಇವುಗಳಲ್ಲಿ ಹೇಳುವಂಥದ್ದೇನೂ ಇಲ್ಲ. ನಾನು ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ಭಾವ ಅದೇ ಸಂಜೆ ಕತ್ತರಿಯಿಂದ ಬಟ್ಟೆ ಬಿಡಿಸಿ, ಪಂಖವನ್ನೇ ಕಳಚಿ ಜಗುಲಿಯ ಮೂಲೆಗಿಟ್ಟರು. ಮೊದಲು ಮಾಡಬೇಕಾದ ಕೆಲಸ ಅದೇ ಎಂದು ಅವರಿಗೆ ಗೊತ್ತಿತ್ತು. ಲಿಂಬೆಹಣ್ಣಿನ ಮಾತು ಬಾರದೆ ಇದ್ದಿದ್ದರೆ ಕಳಚಿಯೇ ಚಾಲೂ ಮಾಡುತ್ತಿದ್ದರೋ ಏನೋ.

ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದ ನಮ್ಮ ಕಾಲುಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಾರಿನ ಅಪಾಯ ಮುಂದಿರುತ್ತದೆ. ಹಾಗಾಗಿ ಕಾಯಿ ಒಡೆಯುವಾಗ ಎಲ್ಲರ ಕಣ್ಣೂ ಮುಂದೆ, ಹಿಂಭಾಗ ನಿರ್ಭಯದ ಜಾಗ. ಎದುರುಮನೆಯವರು ದೋಣಿಯ ಮುಂದೆ ಯಾರೂ ಇಲ್ಲವೆಂದು ಆಚೀಚೆ ನೋಡಿಯೇ ಕಾಯಿ ಒಡೆದಿದ್ದರು. ಹಾಗೆಂದು ಅವರೇ ಬಂದು ಹೇಳಿದರು. ಹೇಳುವಾಗ ಅಕ್ಕನ ಮುಖ ನೋಡಲಿಲ್ಲ. ದೋಣಿ ಹಿಂದಿನಿಂದ ಕಚ್ಚುವ ವಸ್ತು ಎಂಬುದು ಅಷ್ಟು ಜನರಲ್ಲಿ ಭಾವನೊಬ್ಬರಿಗೇ ಅಭ್ಯಾಸದಲ್ಲಿದ್ದದ್ದು.

ನೋಡಲು ಬಂದವರಿಗೆಲ್ಲ ಭಾವ ಅದನ್ನೇ ಹೇಳುತ್ತಿದ್ದರು. ಕಾಲೊನಿಯವರು, ಸಂಘದವರು, ನಮ್ಮ ಕಡೆಯ ಒಬ್ಬಿಬ್ಬರು ವ್ಯಾಪಾರಸ್ಥರ ಮನೆಯವರು ಬಂದರು. ಯಾರೂ ಕೇಳದಿದ್ದರೂ, ಚಹಾ ಬರುವ ಮೊದಲೇ, "ಹಿಂದ ನೋಡೇ ಗೇರ್ ಹಾಕೀನ್ರಿ. ಯಾರೂ ಇದ್ದಿಲ್ಲ. ನೋಡೇ ಹಾಕೀನಿ," ಎನ್ನುತ್ತಿದ್ದರು. ಒಮ್ಮೆ ಕನ್ನಡದಲ್ಲಿ ಹೇಳಿ, ಬಂದವರು ಯಾರೆಂದು ನೋಡಿಕೊಂಡು ಅದನ್ನೇ ಹಿಂದಿಯಲ್ಲೋ ತೆಲುಗಿನಲ್ಲೋ ಹೇಳುತ್ತಿದ್ದರು. ಮೂರು ಭಾಷೆಯಲ್ಲೂ ಮಾತು ಒಂದೇ. ಅಕ್ಕ ಒಳಗಿನ ಕೋಣೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದಳು.

ಅವಳು ತಮಾಷೆ ಬಿಟ್ಟಿರಲಿಲ್ಲ. "ನನ್ನ ಉಳಿಸಿದಾಂವ ಇಳಕಲ್ಲಿನ ನೇಕಾರ," ಎಂದಳು ಒಬ್ಬ ಹೆಂಗಸಿಗೆ. "ಗಟ್ಟಿಮುಟ್ಟಾಗಿ ನೇದಿದ್ರ ಇವತ್ತು ನೀವು ನನ್ನ ಫೋಟೋಕ್ಕ ಹಾರ ತರ್ತಿದ್ರಿ."

ಬಂದಾಕೆ ನಗಬೇಕೋ ಬಿಡಬೇಕೋ ತಿಳಿಯದೆ ನನ್ನ ಕಡೆ ನೋಡಿದಳು.

ಒಂದು ಮಧ್ಯಾಹ್ನ ನಾನು ಅವಳ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಭಾವ ಔಷಧಿ ತರಲು ಹೋಗಿದ್ದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ತಂಗಿ, ನೀ ಮೆಟ್ಟಲ ಮ್ಯಾಲೆ ಇದ್ದಿ ಅಲಾ?"

"ಹೂಂ."

"ಅಲ್ಲಿಂದ ಎಲ್ಲಾ ಕಾಣತೈತಿ. ನಾನೂ ಕಾಣ್ತೀನಿ, ಅವರೂ ಕಾಣ್ತಾರ."

"ಕಾಣತೈತಿ."

"ಹಂಗಾರ ಹೇಳು. ಅವರು ಹಿಂದ ನೋಡಿದ್ರೇನು?"

ನನ್ನ ಕೈ ನಿಂತಿತು. ನಾನು ನೆನಪಿನಲ್ಲಿ ಪ್ರಾಮಾಣಿಕವಾಗಿ ಹುಡುಕಿದೆ. ಲಿಂಬೆಹಣ್ಣು ಬಿದ್ದದ್ದಿತ್ತು, ನೀರಿನ ಕಮಾನಿತ್ತು, ಅವಳು ಹಣ್ಣನ್ನು ಸೆರಗಿಗೆ ಒರೆಸಿದ್ದಿತ್ತು. ಭಾವ ಸೀಟಿನಲ್ಲಿ ಕೂತಿದ್ದರೆಂಬುದು ಗೊತ್ತು, ಆದರೆ ಅವರ ತಲೆ ಯಾವ ಕಡೆ ಇತ್ತು ಎಂಬುದು ಇರಲೇ ಇಲ್ಲ. ನಾನು ಅಕ್ಕನನ್ನು ನೋಡುತ್ತಿದ್ದೆ, ಅದಕ್ಕೂ ಮೊದಲು ಒಂದು ಹಣ್ಣನ್ನು ನೋಡುತ್ತಿದ್ದೆ.

"ನಾ ನಿನ್ನ ನೋಡಾಕತ್ತಿದ್ದೆ ಅಕ್ಕಾ. ಅವರನ್ನ ನೋಡಲಿಲ್ಲ."

"ಗೊತ್ತಿಲ್ಲ ಅಂತಿ."

"ಖರೇನ ಗೊತ್ತಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ನೋಡಿದ್ರ ನಾ ಯಾಕ ಕಾಣಲಿಲ್ಲ? ಅಷ್ಟ್ಯಾಕ ಹೇಳ್ತಾರ ಮಂದಿಗೆಲ್ಲ? ನೋಡಲಿಲ್ಲ ಅಂದ್ರ ಅದೂ ಒಂದು ಮಾತು. ಮರತೆ ಅಂದ್ರ ಮುಗೀತು. ನೋಡಿದೆ ಅಂತಾರ." ಎಣ್ಣೆಯ ಬಟ್ಟಲನ್ನು ಬಲಗೈಯಿಂದ ದೂರ ಸರಿಸಿದಳು. "ನೋಡಿ ಹಾಕಿದ್ರು ಅಂದ್ರ ಅದೇನು ಆತು ಹಂಗಾರ?"

ಅವಳಿಗೆ ಬೇಕಿದ್ದದ್ದು ಇಷ್ಟೇ ಎಂದು ಆಗ ತಿಳಿಯಿತು. ಭುಜ, ಸೀರೆ, ಇವು ಅವಳಿಗೆ ದೊಡ್ಡವಾಗಿರಲಿಲ್ಲ. ಅವಳ ಮುಂದಿನ ದಿನಗಳು ಆ ಮನುಷ್ಯನ ಜೊತೆ ಅದೇ ಮನೆಯಲ್ಲಿ ಕಳೆಯಬೇಕಾದವು. ಅವರು ಹಿಂದೆ ನೋಡಿ ಅವಳನ್ನು ಕಂಡೂ ಗೇರ್ ಹಾಕಿದ್ದರೆಂದು ಅವಳು ನಂಬಿದ್ದಳೆಂದಲ್ಲ. ಆದರೆ ಆ ವಾಕ್ಯವನ್ನು ದಿನವೂ ಕೇಳುತ್ತ ಅವಳಿಗೆ ಬೇರೆ ದಾರಿಯಿರಲಿಲ್ಲ. ನೋಡಿದ್ದರೆ ಕಂಡಿರಬೇಕು. ಕಂಡಿರದಿದ್ದರೆ ನೋಡಿಲ್ಲ. ನೋಡಿಲ್ಲವಾದರೆ, ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ ಅವರು ಅವಳಿಗೆ ಸುಳ್ಳು ಹೇಳುತ್ತಿದ್ದಾರೆ, ಅದೂ ಮಂದಿಯ ಮುಂದೆ. ಮೂರನೆಯ ದಾರಿ ಒಂದೇ: ಅಲ್ಲಿಂದ ನೋಡಿದರೂ ಅವಳು ಕಾಣುವಂತಿರಲಿಲ್ಲ. ಅದನ್ನು ಹೇಳಬಲ್ಲವಳು ನಾನೊಬ್ಬಳೇ ಇದ್ದೆ, ನನಗೆ ಗೊತ್ತಿರಲಿಲ್ಲ.

ದೋಣಿ ಅಂಗಳದಲ್ಲೇ ಉಳಿಯಿತು. ಭಾವ ಅದರ ಹತ್ತಿರ ಹೋಗುತ್ತಿರಲಿಲ್ಲ. ಗೇಟಿಗೆ ಹೋಗಬೇಕಾದರೂ ಗೋಡೆಯ ಪಕ್ಕದಿಂದ ಹೋಗುತ್ತಿದ್ದರು. ಸಂಘದವರು ಫೋನ್ ಮಾಡುತ್ತಿದ್ದರು. ಮಕ್ಕಳ ರಜೆಯ ತರಗತಿ ಶುರುವಾಗಬೇಕಿತ್ತು, ಕಾವಲಿನ ದೋಣಿಯಿಲ್ಲದೆ ಹಾಯಿ ಎತ್ತುವಂತಿಲ್ಲ. ಎದುರುಮನೆಯವರು ಬಂದು ಮೆಲ್ಲಗೆ, ಬೇಕಾದರೆ ಬೇರೆ ಯಾರಾದರೂ ಒಯ್ದು ಚಾಲೂ ಮಾಡಲಿ, ಎಂದರು.

"ಒಯ್ರಿ," ಎಂದರು ಭಾವ. "ಮಾರ್ರಿ ಬೇಕಾರ."

ಅಕ್ಕ ಒಳಗಿನಿಂದ ಬಂದಳು. ಪಟ್ಟಿ ಬಿಚ್ಚಿ ಸ್ವಲ್ಪ ದಿನವಾಗಿತ್ತು. "ಯಾರೂ ಒಯ್ಯೂದು ಬ್ಯಾಡ. ಅರ್ಧಾ ಪೂಜಿ ಆಗೇತಿ, ಹಂಗ ಬಿಡಂಗಿಲ್ಲ. ನಾಳೆ ಮುಂಜಾನೆ ಚಾಲೂ ಮಾಡ್ರಿ."

"ನನ್ನ ಕೈಲೆ ಆಗಂಗಿಲ್ಲ," ಎಂದರು ಭಾವ.

"ನಿಮ್ಮ ಕೈಲೆ ಆಗಬೇಕು. ಬ್ಯಾರೆದವರು ಮಾಡಿದ್ರ ನನಗ ನಂಬಿಗಿಲ್ಲ."

ಈ ಮಾತನ್ನು ಅವಳು ಹೇಗೆ ಹೇಳಿದಳೆಂದರೆ, ಅದು ಹೊಗಳಿಕೆಯೋ ಮತ್ತೊಂದೋ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಎದುರುಮನೆಯವರು, "ಸರೇ ವದಿನಗಾರು," ಎಂದು ಎದ್ದುಹೋದರು.

ಮಾರನೆಯ ಬೆಳಿಗ್ಗೆ ನಾವು ಮೂವರೇ ಇದ್ದೆವು. ಹಾರವಿಲ್ಲ, ಕಾಯಿಯಿಲ್ಲ. ಪಂಖ ಜಗುಲಿಯ ಮೂಲೆಯಲ್ಲೇ ಇತ್ತು. ಅದಿದ್ದ ಜಾಗದಲ್ಲಿ ಕಬ್ಬಿಣದ ಮೊಟಕು ತುದಿಯೊಂದು ಗ್ರೀಸು ಬಳಿದುಕೊಂಡು ನಿಂತಿತ್ತು. ಭಾವ ರಬ್ಬರ್ ಬಟ್ಟಲುಗಳನ್ನು ಕೂರಿಸಿ ಪೈಪು ಹಿಡಿದು ನಲ್ಲಿಯ ಹತ್ತಿರ ನಿಂತರು. ನಲ್ಲಿ ತಿರುಗಿಸಲಿಲ್ಲ. ಗಡ್ಡ ಬೋಳಿಸಿಕೊಂಡಿರಲಿಲ್ಲ.

ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಬಂದಳು. ದೋಣಿಯ ಗಾಡಿಯ ಮೇಲೆ ಕಾಲಿಟ್ಟು, ಒಂದೇ ಕೈಯ ಆಧಾರದಲ್ಲಿ ಕಷ್ಟಪಟ್ಟು ಹತ್ತಿದಳು. ಭಾವ ಮುಂದೆ ಬಂದರು, ಅವಳು ತಲೆಯಾಡಿಸಿದಳು. ಹೋಗಿ ಚಕ್ರದ ಮುಂದಿನ ಸೀಟಿನಲ್ಲಿ ಕೂತಳು. ಅದಕ್ಕೂ ಮೊದಲು ಅವಳು ಆ ದೋಣಿ ಹತ್ತಿದ್ದನ್ನು ನಾನು ನೋಡಿರಲಿಲ್ಲ.

"ತಂಗಿ," ಎಂದಳು. "ಹಿಂದಕ್ಕ ಹೋಗಿ ಕುಂದ್ರು. ನಾ ಕುಂತಲ್ಲೇ."

ನಾನು ಭಾವನ ಕಡೆ ನೋಡಿದೆ. ಅವರು ಕೈಯಲ್ಲಿದ್ದ ಪೈಪನ್ನು ನೋಡುತ್ತಿದ್ದರು. ಕೀಲಿ ಅವರ ಅಂಗಿಯ ಜೇಬಿನಲ್ಲಿತ್ತು, ಪಂಖ ಕಳಚಿತ್ತು, ಏನೂ ಆಗುವ ಸಂಭವವಿರಲಿಲ್ಲ. ಅಷ್ಟಾದರೂ ನನ್ನ ಕಾಲು ಮೆಟ್ಟಿಲಿನಿಂದ ಬೇಗ ಇಳಿಯಲಿಲ್ಲ. ಹೋಗಿ ಎಂಜಿನ್ನಿನ ಹಿಂದೆ, ಇಟ್ಟಿಗೆಯ ಪಕ್ಕದಲ್ಲಿ, ಅವಳು ಕೂತ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತೆ. ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಕಬ್ಬಿಣದ ಸಂದಿನಲ್ಲಿ ಕೆಂಪು ರೇಷ್ಮೆಯ ಎಳೆಯೊಂದು ಇನ್ನೂ ಉಳಿದಿತ್ತು.

"ಕುಂತೆ," ಎಂದೆ.

ಅವಳು ಸೀಟಿನಲ್ಲಿ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದಳು. ಭುಜದ ನೋವಿಗೆ ನಿಧಾನವಾಗಿ ತಿರುಗಿದಳು. ಭಾವ ತಲೆ ಎತ್ತಿದರು.

ನಾನು ಕೂತಲ್ಲಿಂದ ಮೇಲಕ್ಕೆ ನೋಡಿದೆ. ಎಂಜಿನ್ನಿನ ಕರಿಯ ಮುಚ್ಚಳ ಎದುರಿಗಿತ್ತು. ಅದರ ಮಗ್ಗುಲಿನಲ್ಲಿ ದೋಣಿಯ ಅಂಚು. ಅವೆರಡರ ನಡುವೆ ಅಕ್ಕನ ಮುಖ ಕಾಣುತ್ತಿತ್ತು. ಮುಖವಿಡೀ ಅಲ್ಲ. ಹಣೆಯ ಕುಂಕುಮ, ಮೂಗಿನ ನತ್ತು, ಎರಡು ಕಣ್ಣು. ಕಣ್ಣು ನೇರವಾಗಿ ನನ್ನ ಕಣ್ಣಿಗೆ ಬಿದ್ದಿದ್ದವು. ನನಗೆ ಅವಳು ಕಂಡರೆ ಅವಳಿಗೆ ನಾನು ಕಾಣುತ್ತಿದ್ದೆ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಬಹಳ ಹೊತ್ತು ನೋಡಿದಳು. ಗಲ್ಲಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ನಾನು ಅಂಗೈಯನ್ನು ನೆಲಕ್ಕೆ ಊರಿದೆ.

"ಕಾಣಂಗಿಲ್ಲ," ಎಂದಳು ಅಕ್ಕ. ಭಾವನಿಗೆ ಕೇಳುವಂತೆ, ಸಾಧಾರಣ ದನಿಯಲ್ಲಿ. "ಇಲ್ಲಿಂದ ಯಾರೂ ಕಾಣಂಗಿಲ್ಲ. ಆ ಮುಚ್ಚಳ ಅಡ್ಡ ಬರತೈತಿ."

ಹೇಳುವಾಗಲೂ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ನಿಂತು ಕೈ ಒರೆಸಿಕೊಂಡೆ.

ಭಾವ ಬಗ್ಗಿ ನಲ್ಲಿ ತಿರುಗಿಸಿದರು. ನೀರು ಬಂತು. "ಇಳೀ ಇನ್ನ," ಎಂದರು ಅವಳಿಗೆ. "ಇಬ್ಬರೂ ಜಗಲಿ ಮ್ಯಾಲೆ ಹೋಗ್ರಿ." ಅವಳನ್ನು ಇಳಿಸಿಕೊಳ್ಳಲು ಕೈ ಕೊಟ್ಟರು. ಈ ಸಲ ಅವಳು ಹಿಡಿದುಕೊಂಡಳು.

ಭಾವ ಕೀಲಿ ತಿರುಗಿಸುವ ಮುನ್ನ ಹಿಂದೆ ನೋಡಿದರು. ಸೀಟಿನಿಂದ ಅರ್ಧ ಎದ್ದು, ಮತ್ತೊಂದು ಮಗ್ಗುಲಿನಿಂದ ಇನ್ನೊಮ್ಮೆ ನೋಡಿದರು. ಆಮೇಲೆ ಜಗುಲಿಯ ಕಡೆ ನೋಡಿ ನಾವಿಬ್ಬರೂ ಅಲ್ಲಿದ್ದೇವೆಂದು ಖಚಿತ ಮಾಡಿಕೊಂಡರು. ಇದನ್ನು ನಾನು ಕಣ್ಣು ತೆಗೆಯದೆ ನೋಡಿದೆ. ಎಂಜಿನ್ ಹಿಡಿದುಕೊಂಡಿತು. ಅಕ್ಕ ನನ್ನ ಮಗ್ಗುಲಲ್ಲಿ ನಿಂತು, "ಹೊಗಿ ಈ ಸಲ ಕಡಿಮಿ ಐತಿ," ಎಂದಳು.

ಅಂದಿನಿಂದ ಭಾವ ಆ ಮಾತನ್ನು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಯಾರಾದರೂ ಕೇಳಿದರೆ ಅಕ್ಕನೇ ಹೇಳುತ್ತಾಳೆ, ಅಲ್ಲಿ ಕೂತರೆ ಹಿಂದಿನದು ಕಾಣುವುದಿಲ್ಲ ಎಂದು. ನಾನು ಅಲ್ಲಿದ್ದರೆ ನನ್ನ ಕಡೆ ತಿರುಗಿ, "ನಮ್ಮ ತಂಗಿನ್ನ ಕುಂದರಿಸಿ ನೋಡೀವಿ," ಎನ್ನುತ್ತಾಳೆ. ನಾನು ಹೌದೆನ್ನುತ್ತೇನೆ.